ಕ್ಯಾರಿಯರ್ ಮೇಲಿಂದ ಕಂಡ ಕಾಡು

ಬ್ಯಾಡಗಿ

ಪರದೇಶ ನೋಡಿ ಬಂದವರು ಕೇಳುವವರನ್ನು ಮೊದಲು ವಿಮಾನ ಹತ್ತಿಸುತ್ತಾರೆ. ನಾನು ಮೊದಲು ಒಂದು ಗುಟ್ಟು ಬಿಚ್ಚಬೇಕು, ಇಲ್ಲದಿದ್ದರೆ ಮುಂದಿನದು ಯಾವುದೂ ತಿಳಿಯುವುದಿಲ್ಲ. ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಅರವತ್ತೊಂದು ವರ್ಷದ ಮನುಷ್ಯ, ಮೂವತ್ತೈದು ವರ್ಷದಿಂದ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಮಾಡಿದವನು, ಸ್ಕೂಟರು, ಟ್ರ್ಯಾಕ್ಟರು, ಕಾರು ಎಲ್ಲ ಓಡಿಸಿದವನು. ಎರಡು ಗಾಲಿಯ ಬಡ ಸೈಕಲ್ ಮಾತ್ರ ನನ್ನ ಕೈಗೆ ಬರಲಿಲ್ಲ.

ಇದನ್ನು ಬಲ್ಲವನು ಜಗತ್ತಿನಲ್ಲಿ ಒಬ್ಬನೇ ಎಂದು ನಾನು ತಿಳಿದಿದ್ದೆ. ಅವನು ಮೌಲಾಸಾಬ, ಸ್ಟೇಷನ್ ರಸ್ತೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಬಾಲ್ಯದ ಗೆಳೆಯ. ಹೈಸ್ಕೂಲಿಗೆ, ಕದರಮಂಡಲಗಿಯ ಹನುಮಪ್ಪನ ಗುಡಿಗೆ, ರಾಣೆಬೆನ್ನೂರಿನ ಟಾಕೀಸಿಗೆ, ಒಮ್ಮೆ ಹಟ ಹಿಡಿದು ಗಳಗನಾಥದ ಹೊಳೆಯವರೆಗೂ ನಾವಿಬ್ಬರು ಒಂದೇ ಸೈಕಲ್ಲಿನಲ್ಲಿ ಹೋಗಿ ಬಂದಿದ್ದೇವೆ. ತುಳಿದವನು ಅವನು. ನಾನು ಹಿಂದೆ, ಕ್ಯಾರಿಯರ್ ಮೇಲೆ.

ತಪ್ಪು ನಡೆದದ್ದು ಮೊಮ್ಮಗಳ ಕಾರಣದಿಂದ. ಮಗಳು ಸವಿತಾ, ಅಳಿಯ ಮಲ್ಲಿಕಾರ್ಜುನ ಇಬ್ಬರೂ ರಾಣೆಬೆನ್ನೂರಿನಲ್ಲಿ ಬೀಜದ ಕೆಲಸ ಕಲಿತವರು. ಈಗ ನೆದರ್‌ಲ್ಯಾಂಡ್ಸಿನಲ್ಲಿ ತರಕಾರಿ ಬೀಜ ಬೆಳೆಸುವ ಕಂಪನಿಯೊಂದರಲ್ಲಿದ್ದಾರೆ. ಅವರ ಮಗಳು ತನ್ವಿಗೆ ಎಂಟು ವರ್ಷ. ಪ್ರತಿ ರವಿವಾರ ಫೋನಿನಲ್ಲಿ ಅವಳಿಗೊಂದು ಕಥೆ ಬೇಕು. ರಾಜ ರಾಣಿಯರೆಲ್ಲ ಮುಗಿದ ಮೇಲೆ ನನ್ನ ಹತ್ತಿರ ಉಳಿದದ್ದು ಸೈಕಲ್ ಕಥೆಗಳು. ಹೇಳುತ್ತ ಹೇಳುತ್ತ ಯಾವುದೋ ಒಂದು ರವಿವಾರ ನಾನು ಕ್ಯಾರಿಯರ್‌ನಿಂದ ಇಳಿದು ಸೀಟಿನ ಮೇಲೆ ಕುಳಿತೆ, ಮೌಲಾಸಾಬನನ್ನು ಹಿಂದಕ್ಕೆ ಕಳಿಸಿದೆ. ಗಳಗನಾಥದಿಂದ ಮರಳುವಾಗ ಎದುರುಗಾಳಿಗೆ ಎದೆಯೊಡ್ಡಿ ನಾನೇ ತುಳಿದೆ. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ನಾನೂ ಅದೇ ಜಾತಿ ಎಂದು ಹೆಂಡತಿ ಗಿರಿಜಾ ಆಗಾಗ ಹೇಳುತ್ತಾಳೆ.

ಮಾರ್ಚ್ ತಿಂಗಳಲ್ಲಿ ಸವಿತಾ ಫೋನ್ ಮಾಡಿದಳು. "ಅಪ್ಪಾ, ತನ್ವಿ ಕಾಲವಿ ಸೇತುವಿ ಮ್ಯಾಲ ಸೈಕಲ್‌ನಿಂದ ಬಿದ್ದಾಳ. ಮೊಣಕಾಲು ಕೆತ್ತೈತಿ, ಅದು ಮಾಯತೈತಿ. ಆದ್ರ ಸೈಕಲ್ ಹತ್ತವಲ್ಲಳು."

"ಬಿಡವ್ವಾ, ಇವತ್ತಿಲ್ಲ ನಾಳೆ ಹತ್ತತಾಳ."

"ಇಲ್ಲಿ ಸೈಕಲ್ ಹತ್ತದಿದ್ರ ಹುಡುಗರಿಗೆ ಕಾಲ ಇಲ್ಲದಂಗ ಅಪ್ಪಾ. ಸಾಲಿ ಮಕ್ಕಳೆಲ್ಲ ಸೈಕಲ್ ಮ್ಯಾಲ ಹೋದ್ರ ಇಕಿ ಒಬ್ಬಾಕಿ ನನ್ನ ಹಿಂದ ಕುಂತು ಹೋಗತಾಳ. ಜೂನಿನಾಗ ಅಜ್ಜ ಬಂದು ಮುಂದ ಹೊಂಟ್ರ ನಾ ಹಿಂದ ಬರ್ತೀನಿ ಅಂತ ಹಟ ಹಿಡದಾಳ."

ಆ ಸಂಜೆಯೇ ಮೌಲಾಸಾಬನ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಒಂದು ವೇಳೆ ಆ ಕೂಸು ಫೋನ್ ಮಾಡಿ ಕೇಳಿದರೆ ಬಸಣ್ಣನೇ, ಅಂದರೆ ನಾನೇ, ತುಳಿದದ್ದು ಎನ್ನಬೇಕೆಂದು ಬೇಡಿಕೊಂಡೆ. ಅವನು ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ತಲೆ ಎತ್ತಲಿಲ್ಲ.

"ನೋಡಲೇ ಬಸ್ಯಾ, ಗಳಗನಾಥದಿಂದ ಬಂದ ಮ್ಯಾಲ ನನ್ನ ಕಾಲಿನ ಮೀನಖಂಡ ಎರಡು ದಿನ ಹಿಡಕೊಂಡಿದ್ವು. ನೀ ಹಿಂದ ಕುಂತು ಶೇಂಗಾ ತಿನ್ಕೋತ ಬಂದಿ. ಬೇಕಾದ್ದು ಕೇಳು, ಕೊಡತೀನಿ. ಆ ಎದುರುಗಾಳಿ ಮಾತ್ರ ಕೊಡಂಗಿಲ್ಲ."

"ಮತ್ತ ಏನ್ ಮಾಡ್ಲಿ?"

"ಕಲಿ. ಒಂದು ವಾರ ಸಾಕು, ನಾ ಕಲಸ್ತೀನಿ."

ಹಮಾಲರು, ವ್ಯಾಪಾರಸ್ಥರು, ಹೊರ ಊರಿನಿಂದ ಚೀಲ ತಂದ ರೈತರು, ಎಲ್ಲರೂ ನಿಂತು ನೋಡುವ ರಸ್ತೆಯಲ್ಲಿ ದಲಾಲಿ ಬಸಣ್ಣ ಸೈಕಲ್ ಕಲಿಯುವುದನ್ನು ನೆನೆಸಿಕೊಂಡೆ. ಸೀಜನ್ ಮುಗಿಯಲಿ ಎಂದೆ. ಸೀಜನ್ ಮುಗಿಯಿತು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಏನೂ ಕಲಿಯದೆ ವಿಮಾನ ಹತ್ತಿದೆ.

ಊಟದ ಟೇಬಲ್ಲು

ಆಮ್‌ಸ್ಟರ್‌ಡ್ಯಾಮಿನ ದಕ್ಷಿಣದ ಅಂಚಿನಲ್ಲಿ ಸವಿತಾಳ ಮನೆ. ಅಲ್ಲಿಯ ಜನ ಕಿಟಕಿಗೆ ಪರದೆ ಹಾಕುವುದಿಲ್ಲ. ಬೀದಿಯಲ್ಲಿ ನಡೆದರೆ ಎರಡೂ ಬದಿ ಊಟ ಮಾಡುವವರು, ಪೇಪರ್ ಓದುವವರು, ಸೋಫಾದಲ್ಲಿ ಬಾಯಿ ತೆರೆದು ಮಲಗಿದವರು ಕಾಣುತ್ತಾರೆ. ಆದರೆ ಯಾರೂ ಒಳಗೆ ಇಣುಕುವುದಿಲ್ಲ. ನಾನೊಬ್ಬ ಇಣುಕುತ್ತಿದ್ದೆ. ಗಿರಿಜಾ ಮೊಣಕೈಯಿಂದ ತಿವಿಯುತ್ತಿದ್ದಳು.

ಅಲ್ಲಿ ಎಲ್ಲದಕ್ಕೂ ಮೊದಲೇ ಯೋಜನೆ ಬೇಕು. ಪಕ್ಕದ ಮನೆಯ ಮುದುಕಿ ನಮ್ಮನ್ನು ಕಾಫಿಗೆ ಕರೆದದ್ದು ಮುಂದಿನ ವಾರದ ಗುರುವಾರ, ಮುಂಜಾನೆ ಹತ್ತೂವರೆಗೆ. ಹೋದೆವು. ಒಂದೊಂದು ಬಿಸ್ಕೀಟು ಕೊಟ್ಟು ಡಬ್ಬಿ ಮುಚ್ಚಿ ಒಳಗಿಟ್ಟಳು. ಮಾತು ಮಾತ್ರ ಧಾರಾಳ, ಹೊರಡುವಾಗ ಬಾಗಿಲವರೆಗೂ ಬಂದು ಕೈ ಹಿಡಿದು ಕಳಿಸಿದಳು. "ಪಾಪ, ಡಬ್ಬಿ ಸಣ್ಣದು, ಮನಸ್ಸು ದೊಡ್ಡದೈತಿ" ಎಂದು ಗಿರಿಜಾ ಅಂದಳು.

ನಾವೆಲ್ಲ ಸೈಕಲ್ ಮೇಲೆ ಹೋಗಬೇಕಿದ್ದ ಕಾಡಿನ ತಿರುಗಾಟಕ್ಕೂ ಒಂದು ಹಾಳೆ ತಯಾರಾಗಿತ್ತು. ಆ ಊರಿನ ಪಕ್ಕದಲ್ಲೇ ದೊಡ್ಡ ಕಾಡು. ದೇವರು ಬೆಳೆಸಿದ್ದಲ್ಲ, ಸಮುದ್ರಕ್ಕಿಂತ ತಗ್ಗಿನಲ್ಲಿದ್ದ ಬಯಲಿನಲ್ಲಿ ಮನುಷ್ಯರೇ ಗಿಡ ನೆಟ್ಟು ಬೆಳೆಸಿದ್ದು. ಒಳಗಿರುವ ಗುಡ್ಡವನ್ನೂ ಅವರೇ ಮಣ್ಣು ಹೊತ್ತು ಮಾಡಿದ್ದಾರೆ. ಸೈಕಲ್ ದಾರಿಗಳು ಕೂಡುವಲ್ಲೆಲ್ಲ ಕಂಬಗಳಿಗೆ ನಂಬರು. ಯಾವ ಯಾವ ನಂಬರು ದಾಟಬೇಕೆಂದು ಬರೆದುಕೊಂಡರೆ ಯಾರನ್ನೂ ಕೇಳದೆ ದಿನವೆಲ್ಲ ತಿರುಗಬಹುದು. ನಮ್ಮ ಕಡೆ ದಾರಿ ಕೇಳಿದರೆ ಬೇವಿನ ಗಿಡದ ಹತ್ತಿರ ಹೊಳ್ಳ್ರಿ ಎನ್ನುತ್ತಾರೆ. ಆ ಗಿಡ ಕಡಿದು ಹತ್ತು ವರ್ಷವಾಗಿರುತ್ತದೆ. ಆದರೂ ಮುಟ್ಟುತ್ತೇವೆ, ನಡುವೆ ಎರಡು ಕಡೆ ಚಹ ಕುಡಿದು.

ತನ್ವಿ ನಂಬರುಗಳನ್ನೆಲ್ಲ ಬರೆದು, ಕೆಳಗೆ ಚಿತ್ರ ಬಿಡಿಸಿದ್ದಳು. ಎಲ್ಲರಿಗಿಂತ ಮುಂದೆ ದೊಡ್ಡ ಮೀಸೆಯ ಅಜ್ಜ. ಹಿಂದೆ ಸಣ್ಣ ಸೈಕಲ್ಲಿನಲ್ಲಿ ತಾನು. ಆಮೇಲೆ ಅವಳ ಅವ್ವ. ಕೊನೆಗೆ ಮುಂಭಾಗದಲ್ಲಿ ಕಟ್ಟಿಗೆಯ ಪೆಟ್ಟಿಗೆ ಇರುವ ಸೈಕಲ್ ಮೇಲೆ ಅವಳ ಅಪ್ಪ. ಅಲ್ಲಿ ಮಕ್ಕಳನ್ನು, ಸಂತೆಯನ್ನು, ನಾಯಿಯನ್ನು ಅಂಥ ಪೆಟ್ಟಿಗೆಯಲ್ಲಿ ಕೂಡಿಸಿ ಒಯ್ಯುತ್ತಾರೆ. ಪೆಟ್ಟಿಗೆಯೊಳಗೆ ಅಜ್ಜಿ, ತೊಡೆಯ ಮೇಲೆ ಬುತ್ತಿ.

ಗಿರಿಜಾ ಚಿತ್ರ ನೋಡಿ ನಕ್ಕಳು. ಅವಳ ಯೋಜನೆ ಬೇರೆ. ಸಂಕ್ರಮಣಕ್ಕೆ ಹೊಳೆಗೆ ಹೋಗುವಾಗ ನಮ್ಮಲ್ಲಿ ಬುತ್ತಿಗೇ ಯೋಜನೆ, ದಾರಿ ತಾನಾಗಿ ಸಿಗುತ್ತದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ ಎಂದು ಅವಳು ಬೆರಳು ಮಡಚುತ್ತಿದ್ದಳು.

ನಾನು ನನ್ನ ಕೆಲಸ ಶುರು ಮಾಡಿದೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಮೊದಲು ಮೊಣಕಾಲು ನೋವೆಂದೆ. ಅಳಿಯ ಮುಲಾಮು ತಂದ. ಗಾಳಿ ಜೋರಿದೆ ಎಂದೆ.

"ಗಳಗನಾಥಕ್ಕಿಂತ ಜೋರ?" ಎಂದು ತನ್ವಿ ಕೇಳಿದಳು.

ಕೊನೆಗೆ ಅವತ್ತು ಅಮಾವಾಸ್ಯೆ ಎಂದೆ.

"ಅಮಾಸಿ ದಿನ ಸೈಕಲ್ ಹತ್ತಬಾರದು ಅಂತ ಯಾವ ಪಂಚಾಂಗದಾಗ ಬರದೈತ್ರಿ?" ಎಂದಳು ಗಿರಿಜಾ. ಅವಳ ದನಿಯಲ್ಲಿ ಏನೋ ಇತ್ತು. ನಾನು ರೊಟ್ಟಿಯ ಕಡೆ ನೋಡಿದೆ.

ಹಿತ್ತಲ ಓಣಿ

ತಿರುಗಾಟದ ಹಿಂದಿನ ದಿನ ಮುಂಜಾನೆ ಐದಕ್ಕೆ ಎದ್ದೆ. ಜೂನಿನಲ್ಲಿ ಅಲ್ಲಿ ಅಷ್ಟು ಹೊತ್ತಿಗೆ ಹೊಲದ ಕೆಲಸಕ್ಕೆ ಹೋಗುವಷ್ಟು ಬೆಳಕಾಗಿರುತ್ತದೆ. ಅಳಿಯನ ಪೆಟ್ಟಿಗೆಯಿಲ್ಲದ ಸೈಕಲ್ಲನ್ನು ಸದ್ದಿಲ್ಲದೆ ಹಿತ್ತಲ ಓಣಿಗೆ ತಂದೆ. ಓಣಿ ನೆಟ್ಟಗಿತ್ತು, ಎರಡೂ ಬದಿ ಕತ್ತರಿಸಿದ ಬೇಲಿ. ಇಷ್ಟು ವರ್ಷ ಮೌಲಾಸಾಬನ ಬೆನ್ನ ಹಿಂದೆ ಕುಳಿತು ನೋಡಿದ್ದೇನೆ, ಅದರಲ್ಲೇನು ವಿದ್ಯೆ ಎಂದು ಕಾಲು ಎತ್ತಿ ಹಾಕಿದೆ.

ಮೂರು ಸಲ ತುಳಿದೆ. ಗಾಬರಿಯಾಗಿ ನಾಲ್ಕನೆಯದನ್ನು ಹಿಂದಕ್ಕೆ ತುಳಿದೆ. ಅಲ್ಲಿಯ ಎಷ್ಟೋ ಸೈಕಲ್ಲುಗಳಲ್ಲಿ ಹಿಂದಕ್ಕೆ ತುಳಿದರೆ ಬ್ರೇಕು ಎಂಬುದು ನನಗೆ ತಿಳಿದದ್ದು ಬೇಲಿಯೊಳಗೆ ತಲೆಕೆಳಗಾಗಿ ಬಿದ್ದ ಮೇಲೆ.

ಕಣ್ಣು ಬಿಟ್ಟರೆ ಮೇಲೊಂದು ಮುಖ. ಕಾಫಿಗೆ ಕರೆದಿದ್ದ ಮುದುಕಿ. ಎಂಬತ್ತು ದಾಟಿದವಳು, ಹೆಗಲಿಗೆ ಟವೆಲ್ ಹಾಕಿಕೊಂಡು ಈಜಲು ಹೊರಟಿದ್ದಳು, ಸೈಕಲ್ ಮೇಲೆ. ಇಳಿದು ನನ್ನನ್ನು ಎಬ್ಬಿಸಿದಳು. ಅಳಿಯನ ಸೈಕಲ್ ಎತ್ತಿ ನಿಲ್ಲಿಸಿ, ಸೀಟು ನೋಡಿ, ನನ್ನ ಕಾಲು ನೋಡಿ, ಇದು ನಿಮಗೆ ಎತ್ತರವಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮನುಷ್ಯನಿಗೆ ಸೈಕಲ್ ಬಾರದೆ ಇರಬಹುದೆಂಬ ಅನುಮಾನವೇ ಆ ತಾಯಿಗೆ ಬರಲಿಲ್ಲ. ನಾನು ಹೌದು ಹೌದು, ಎತ್ತರವೇ ಆಯಿತು ಎಂದು ಒಪ್ಪಿಕೊಂಡೆ.

ಗಿರಿಜಾ ನನ್ನ ಕೂದಲಿನಿಂದ ಎಲೆ ಆರಿಸಿ ತೆಗೆದಳು. ಎಲ್ಲಿ ಹೋಗಿದ್ದಿರಿ ಎಂದು ಕೇಳಲಿಲ್ಲ.

ಸೈಕಲ್ ಅಂಗಡಿ

ಎತ್ತರದ ಮಾತನ್ನೇ ಹಿಡಿದುಕೊಂಡು, ನನಗೆ ತಗ್ಗಿನ ಸೈಕಲ್ ಬೇಕು ಎಂದೆ. ಕಾಡಿನ ಬಾಗಿಲಲ್ಲೇ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿ ಇತ್ತು. ಮರುದಿನ ಮನೆಯ ಸೈಕಲ್ಲುಗಳನ್ನು ತಳ್ಳಿಕೊಂಡು ಎಲ್ಲರೂ ಅಲ್ಲಿಗೆ ನಡೆದೆವು. ಅಲ್ಲಿಯ ತರುಣಿ ನನ್ನನ್ನು ತಲೆಯಿಂದ ಕಾಲವರೆಗೆ ಅಳೆದು ಒಂದು ಕಪ್ಪು ಸೈಕಲ್ ತಂದು ನಿಲ್ಲಿಸಿದಳು. ನಡುವೆ ಅಡ್ಡ ಪೈಪಿಲ್ಲ. ಬಟ್ಟೆ ಸಿಗದಂತೆ ಹಿಂದಿನ ಗಾಲಿಗೆ ಮುಚ್ಚಿಗೆ. ಹಿಂದೆ ಅಗಲವಾದ ಗಟ್ಟಿ ಕ್ಯಾರಿಯರ್.

"ಇದಕ್ಕ ಇಲ್ಲಿ ಅಜ್ಜಿ ಸೈಕಲ್ ಅಂತಾರ" ಎಂದು ತನ್ವಿ ವಿವರಿಸಿದಳು. "ಆದ್ರ ಅಜ್ಜಗೋಳೂ ಹೊಡೀತಾರ, ಏನೂ ಆಗಂಗಿಲ್ಲ."

ಹೊತ್ತು ಕಳೆಯುವುದು ದಲಾಲಿಗೆ ಕಲಿಸಬೇಕಾದ ವಿದ್ಯೆಯಲ್ಲ. ಚೀಲದಿಂದ ಮೆಣಸಿನಕಾಯಿ ಹಿರಿದು, ಅಂಗೈಯಲ್ಲಿ ಒತ್ತಿ, ಕಿವಿಯ ಹತ್ತಿರ ಅಲುಗಿಸಿ, ಮೂಸಿ, ಮತ್ತೆ ನೋಡುವ ಹಾಗೆ ಸೈಕಲ್ಲಿನ ಗಾಲಿ ಒತ್ತಿದೆ, ಚೈನು ಮುಟ್ಟಿದೆ, ಸುತ್ತು ಹಾಕಿದೆ. ಗಿರಿಜಾ ಗಂಟೆಯನ್ನು ಒಮ್ಮೆ ಟ್ರಿಣ್ ಎನಿಸಿ ಹ್ಯಾಂಡಲ್ ಮೇಲೆ ಕೈಯಾಡಿಸಿದಳು. ಅಳಿಯ ಬುತ್ತಿಯನ್ನು ಪೆಟ್ಟಿಗೆಯಲ್ಲಿಟ್ಟ. ಸವಿತಾ ಹಾಳೆ ತೆಗೆದು ಮೊದಲ ನಂಬರು ಓದಿದಳು.

ನಾನು ತಿರುಗಿ ನೋಡಿದೆ. ತನ್ವಿ ಹೆಲ್ಮೆಟ್ ಹಾಕಿಕೊಂಡು ತನ್ನ ಸಣ್ಣ ಸೈಕಲ್ ಹಿಡಿದು ನಿಂತಿದ್ದಳು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಪೆಡಲ್ ಮೇಲೆ. ಹ್ಯಾಂಡಲ್ ಹಿಡಿದ ಬೆರಳು ಬೆಳ್ಳಗಾಗಿದ್ದವು. ಕಣ್ಣು ನನ್ನ ಬೆನ್ನಿನ ಮೇಲೆ. ಮೂರು ತಿಂಗಳಲ್ಲಿ ಮೊದಲ ಸಲ ಸೈಕಲ್ ಮುಟ್ಟಿದ್ದು ಎಂದು ಸವಿತಾ ಆಗಲೇ ಹೇಳಿದ್ದಳು.

"ಹೋಗೋಣು ಅಜ್ಜಾ?"

ಈಗ ಹತ್ತಿ ಅವಳ ಕಣ್ಣೆದುರೇ ಬಿದ್ದರೆ ಆ ಕೂಸು ಮತ್ತೆಂದೂ ಸೈಕಲ್ ಮುಟ್ಟುವುದಿಲ್ಲ. ಹತ್ತದೆ ನೆಪ ಹೇಳಿದರೂ ಮುಟ್ಟುವುದಿಲ್ಲ. ಸ್ಟ್ಯಾಂಡ್ ಹಾಕಿ ಅವಳ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕುಳಿತೆ.

"ನನಗ ಸೈಕಲ್ ಬರಂಗಿಲ್ಲವ್ವಾ."

"ಇದು ಬ್ಯಾಡಂದ್ರ ಬ್ಯಾರೇದು ತರೋಣು."

"ಯಾವುದೂ ಬರಂಗಿಲ್ಲ."

ಅವಳು ಪೆಡಲ್ ಮೇಲಿನ ಕಾಲನ್ನು ಕೆಳಗಿಳಿಸಿದಳು. "ಗಳಗನಾಥ?"

"ಮೌಲಾಸಾಬಜ್ಜ ತುಳದಾನ. ನಾ ಹಿಂದ ಕುಂತಿದ್ದೆ."

"ಎದುರುಗಾಳಿ?"

"ಅದೂ ಅವಗ ಬಡದಿದ್ದು."

ತನ್ವಿ ಸೈಕಲ್ ಒರಗಿಸಿ, ಹೆಲ್ಮೆಟ್ ಬಿಚ್ಚಿ, ದೂರದ ಬೆಂಚಿಗೆ ಹೋಗಿ ನಮಗೆ ಬೆನ್ನು ಮಾಡಿ ಕುಳಿತಳು. ಸವಿತಾ "ಅಪ್ಪಾ" ಎಂದಷ್ಟೇ ಅಂದಳು. ಅಳಿಯ ಮರ್ಯಾದಸ್ಥ, ಬಗ್ಗಿ ಗಾಲಿಯ ಗಾಳಿ ನೋಡತೊಡಗಿದ. ಗಿರಿಜಾಳ ಮುಖದಲ್ಲಿ ಮಾತ್ರ ಆಶ್ಚರ್ಯವಿರಲಿಲ್ಲ. ಅದು ನನಗೆ ಹೊಳೆದದ್ದು ಆಮೇಲೆ.

ಬೆಂಚು

ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎಂದು ನಮ್ಮವ್ವ ನನ್ನನ್ನೇ ನೋಡಿ ಹೇಳುತ್ತಿದ್ದಳು. ಬೆಂಚಿನವರೆಗೆ ನಡೆಯುವಾಗ ಅದು ನೆನಪಾಯಿತು. ಪೇಟೆಯಲ್ಲಿ ದರ ಕೂಗುವ ಲಿಲಾವಿನ ದಿನ ಎಷ್ಟೋ ಬಿಸಿ ಮಾತು ಕೇಳಿದ್ದೇನೆ, ಯಾವುದೂ ಆ ಸಣ್ಣ ಬೆನ್ನಿನಷ್ಟು ಚುಚ್ಚಿರಲಿಲ್ಲ.

"ನಾ ಸಾಲ್ಯಾಗ ಎಲ್ಲಾರಿಗೂ ಹೇಳೇನಿ" ಎಂದಳು ತಿರುಗದೆ.

"ತಪ್ಪಾತವ್ವಾ."

"ಯಾಕ ಕಲೀಲಿಲ್ಲ?"

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದೆ. ಒಂಬತ್ತು ವರ್ಷದವನಿದ್ದಾಗ ಕೆರೆಯ ಏರಿಯ ಇಳಿಜಾರಿನಲ್ಲಿ ಮೊದಲ ಸಲ ಸೈಕಲ್ ಬಿಟ್ಟೆ, ಕಲ್ಲಿಗೆ ಬಡಿದು ಬಿದ್ದೆ, ಗದ್ದ ಒಡೆಯಿತು. ಗದ್ದ ಎತ್ತಿ ಕಲೆ ತೋರಿಸಿದೆ. ಅವಳು ಅರ್ಧ ತಿರುಗಿ ಬೆರಳಿನಿಂದ ಮುಟ್ಟಿ ನೋಡಿದಳು.

"ಮನಿಗೆ ಬಂದು ನಾಳೆ ಹತ್ತತೀನಿ ಅಂದೆ. ಮರುದಿನ ಹೊಟ್ಟಿನೋವು ಅಂದೆ. ಅದರ ಮರುದಿನ ಮೌಲಾಸಾಬಜ್ಜ ಹಿಂದ ಕುಂದರಿಸ್ಕೊಂಡ. ಕ್ಯಾರಿಯರ್ ಆರಾಮ ಇತ್ತು. ನಾಳೆ ನಾಳೆ ಅನ್ಕೋತ ಐವತ್ತೆರಡು ವರ್ಷ ಆತು. ಖರೇ ಹೇಳಬೇಕಂದ್ರ, ಹೆದರಿದ್ದೆ. ಈಗೂ ಹೆದರಿಕಿ ಐತಿ."

"ಐವತ್ತೆರಡು?"

"ಹೂಂ."

ಅವಳು ಲೆಕ್ಕ ಹಾಕಿದಳು. ತುಟಿ ಅಲುಗುತ್ತಿದ್ದವು. "ನಂದು ಬರೇ ಮೂರು ತಿಂಗಳಾಗೈತಿ. ಐವತ್ತೆರಡು ಆದ್ರ ನನಗ ಅರವತ್ತು ವರ್ಷ ಆಗಿರತೈತಿ." ಅವಳ ಮುಖದಲ್ಲಿ ಸಿಟ್ಟು ಹೋಗಿ ಗಾಬರಿ ಬಂದಿತ್ತು. ಅರವತ್ತು ವರ್ಷವೆಂದರೆ ಏನೆಂದು ಅವಳಿಗೆ ನಾನೇ ಎದುರಿಗೆ ಕುಳಿತಿದ್ದೆ.

ಅಷ್ಟರಲ್ಲಿ ಹಿಂದಿನಿಂದ ಟ್ರಿಣ್ ಟ್ರಿಣ್ ಎಂದಿತು. ತಿರುಗಿದೆವು. ಗಿರಿಜಾ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸೆರಗು ಬಿಗಿದು, ಅಂಗಡಿಯ ಮುಂದಿನ ಅಂಗಳದಲ್ಲಿ ಆ ಕಪ್ಪು ಸೈಕಲ್ ಮೇಲೆ ಸುತ್ತು ಹೊಡೆಯುತ್ತಿದ್ದಳು. ಬೆನ್ನು ನೆಟ್ಟಗೆ, ಬೊಟ್ಟು ಹಣೆಯ ನಡುವೆ. ಎರಡನೆಯ ಸುತ್ತಿನಲ್ಲಿ ನಮ್ಮ ಕಡೆ ಬಂದು, ಚಪ್ಪಲಿ ನೆಲಕ್ಕೆ ಉಜ್ಜಿ ನಿಲ್ಲಿಸಿದಳು. ಬ್ರೇಕಿಲ್ಲದ ಸೈಕಲ್ಲನ್ನು ನಮ್ಮೂರ ಕಡೆ ನಿಲ್ಲಿಸುವುದು ಹಾಗೆಯೇ.

ನಾನು ಎದ್ದು ನಿಂತೆ. "ನಿನಗ ಬರತೈತಾ?"

"ತವರಾಗ, ಹೊಸರಿತ್ತಿ ಒಳಗ ಅಣ್ಣನ ಸೈಕಲ್ ಕದ್ದು ಕಲ್ತಿದ್ದೆ. ಹೊಲಕ್ಕ ಬುತ್ತಿ ಒಯ್ಯಾಕಿ ನಾನ."

"ಮೂವತ್ತಾರು ವರ್ಷ ಆತು, ಯಾಕ ಹೇಳಲಿಲ್ಲ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಲಗ್ನ ಆದ ವಾರದಾಗ ನೀವು ಅಂದ್ರಿ, ನಿನಗ ನಾ ಸೈಕಲ್ ಕಲಸ್ತೀನಿ ಅಂತ. ನನಗ ಬರತೈತಿ ಅಂದ್ರ ನಿಮಗ ಬ್ಯಾಸರ ಆದೀತು ಅಂತ ಸುಮ್ಮನಾದೆ. ಒಂದು ತಿಂಗಳು ಕಾದೆ. ನೀವು ಸೈಕಲ್ ತರಲಿಲ್ಲ. ಆವಾಗ ತಿಳೀತು, ನಿಮಗ ಬರಂಗಿಲ್ಲ ಅಂತ."

ಮೂವತ್ತಾರು ವರ್ಷ ನಾನು ಬೀಗರ ಮುಂದೆ, ಗೆಳೆಯರ ಮುಂದೆ ಸೈಕಲ್ ಕಥೆ ಹೇಳುವಾಗ ಇವಳು ಚಹದ ತಟ್ಟೆ ಹಿಡಿದು ಬಂದು ಹೋಗುತ್ತಿದ್ದಳು. ಒಮ್ಮೆಯೂ ತುಟಿ ಬಿಚ್ಚಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಅದರ ಜೊತೆಗೇ, ಏನು ಹೇಳಲಿ, ಅವಳನ್ನು ಆ ಸೈಕಲ್ ಮೇಲೆ ನೋಡಿ ಬಹಳ ಸಂತೋಷವೂ ಆಯಿತು.

"ಮಾಮಾರ, ನೀವು ಪೆಟ್ಟಿಗ್ಯಾಗ ಕುಂದರ್ರಿ, ನಾ ತುಳೀತೀನಿ" ಎಂದ ಅಳಿಯ.

"ಅಲ್ಲಿ ಬುತ್ತಿ ಇರ್ಲಿ. ನಾ ಕ್ಯಾರಿಯರ್ ಮನಷಾ" ಎಂದೆ.

ತನ್ವಿ ಹೆಲ್ಮೆಟ್ ಮತ್ತೆ ಹಾಕಿಕೊಳ್ಳುತ್ತಿದ್ದಳು. "ಆದ್ರ ಅಜ್ಜ ಮುಂದ ಇರಬೇಕು. ಹಂಗಂತ ಮಾತಾಗೈತಿ."

"ಇರ್ತೀನಿ" ಎಂದೆ.

ಸೇತುವೆ

ಕ್ಯಾರಿಯರ್ ಮೇಲೆ ಕೂಡುವುದನ್ನು ಹಗುರಾಗಿ ತಿಳಿಯಬೇಡಿ. ಅದಕ್ಕೂ ಕಟ್ಟಳೆಗಳಿವೆ. ತುಳಿಯುವವನ ಅಂಗಿ ಜಗ್ಗಬಾರದು, ಅಲುಗಾಡಬಾರದು. ಹೆದ್ದಾರಿಯಲ್ಲಿ ಹಿಂದಿನಿಂದ ಲಾರಿ ಬಂದರೆ ಹೇಳುವುದಕ್ಕೆಂದು ನಾನು ಮೌಲಾಸಾಬನಿಗೆ ಬೆನ್ನು ಹಚ್ಚಿ, ಹಿಂದೆ ಮುಖ ಮಾಡಿ ಕೂಡುತ್ತಿದ್ದೆ. ಏರು ಬಂತೆಂದರೆ ಹೇಳಿಸಿಕೊಳ್ಳದೆ ಇಳಿದುಬಿಡಬೇಕು. ಅದು ಎಲ್ಲಕ್ಕೂ ದೊಡ್ಡ ಕಟ್ಟಳೆ, ಅದನ್ನು ಮುರಿದವನನ್ನು ಮರುದಿನ ಯಾರೂ ಹತ್ತಿಸಿಕೊಳ್ಳುವುದಿಲ್ಲ.

ಹಾಗೆಯೇ ಗಿರಿಜಾಳ ಬೆನ್ನಿಗೆ ಬೆನ್ನು ಕೊಟ್ಟು ಕುಳಿತೆ. ನಾನು ಒಣಗಿದ ಕಡ್ಡಿ ಮೆಣಸಿನಕಾಯಿಯ ಜಾತಿ, ತೂಕವಿಲ್ಲ. ಮೊದಲ ಹತ್ತು ಮಾರು ಸೈಕಲ್ ಹಾವಿನಂತೆ ಹರಿಯಿತು. ಆಮೇಲೆ ನೆಟ್ಟಗಾಯಿತು.

ನಾನು ಆ ಕಾಡನ್ನು ನೋಡಿದ್ದು ಹಾಗೆ, ಹಿಮ್ಮುಖವಾಗಿ. ಗಿಡಗಳು ನನ್ನ ಹಿಂದಿನಿಂದ ಬಂದು ಎರಡೂ ಬದಿಗೆ ಸರಿದು ದೂರ ಹೋಗುತ್ತಿದ್ದವು. ನೆರಳು, ಬಿಸಿಲು, ಮತ್ತೆ ನೆರಳು. ಗಿಡಗಳ ತಲೆ ಸವರುವಂತೆ ವಿಮಾನಗಳು ಇಳಿಯುತ್ತಿದ್ದವು, ಕೆಳಗೆ ಬಾತುಕೋಳಿಗಳು ತಲೆ ಎತ್ತುತ್ತಿರಲಿಲ್ಲ. ಒಬ್ಬ ತಂದೆ ತನ್ನ ಸೈಕಲ್ ಹೊಡೆಯುತ್ತಲೇ ಪಕ್ಕದ ಸೈಕಲ್ಲಿನಲ್ಲಿದ್ದ ಮಗನ ಬೆನ್ನಿಗೆ ಅಂಗೈ ಇಟ್ಟುಕೊಂಡು ಹೋದ. ಸೀರೆ ಉಟ್ಟ ಹೆಂಗಸು ಮುದುಕನೊಬ್ಬನನ್ನು ತಿರುವಿ ಕೂಡಿಸಿಕೊಂಡು ಹೋಗುವುದನ್ನು ಕಂಡು ಯಾರೂ ನಿಲ್ಲಲಿಲ್ಲ. ಬ್ಯಾಡಗಿಯಲ್ಲಾಗಿದ್ದರೆ ಅವತ್ತು ಲಿಲಾವು ನಡೆಯುತ್ತಿರಲಿಲ್ಲ.

ಈ ಎಲ್ಲದರ ನಡುವೆ ನನ್ನ ಕಣ್ಣೆದುರು, ನಾಲ್ಕು ಮಾರು ದೂರದಲ್ಲಿ, ಒಂದೇ ಮುಖ. ತುಟಿ ಕಚ್ಚಿ, ನನ್ನನ್ನೇ ನೋಡುತ್ತ, ತನ್ವಿ ತುಳಿಯುತ್ತಿದ್ದಳು. ಅವಳ ಹಿಂದೆ ಸವಿತಾ, ಅವಳ ಹಿಂದೆ ಅಳಿಯ ಮತ್ತು ಬುತ್ತಿ. "ಕೆಳಗ ನೋಡಬ್ಯಾಡ, ನನ್ನ ಮೀಸಿ ನೋಡು" ಎನ್ನುತ್ತಿದ್ದೆ. ಎರಡು ನಂಬರು ದಾಟಿದ ಮೇಲೆ ಅವಳು ತುಟಿ ಬಿಟ್ಟಳು. ಮೂರನೆಯದಕ್ಕೆ ಮಾತು ಶುರುವಾಯಿತು. "ಅಜ್ಜಾ, ಮೌಲಾಸಾಬಜ್ಜಗ ಭಾಳ ದಣಿವಾಗಿತ್ತೇನು?" "ಎರಡು ದಿನ ಅವನ ಮೀನಖಂಡ ಹಿಡಕೊಂಡಿದ್ವು. ನಾ ಶೇಂಗಾ ತಿಂದಿದ್ದೆ" ಎಂದೆ. ಅವಳು ನಕ್ಕಳು, ಹ್ಯಾಂಡಲ್ ಸ್ವಲ್ಪ ಅಲುಗಿತು, ಮತ್ತೆ ನೆಟ್ಟಗಾಯಿತು.

ಆಗ ಸೇತುವೆ ಬಂತು. ಕಾಲುವೆಯ ಮೇಲೆ ಒಂಟೆಯ ಬೆನ್ನಿನಂತೆ ಎದ್ದ ಕಟ್ಟಿಗೆಯ ಸೇತುವೆ. ನನಗೆ ಅದು ಕಾಣಲಿಲ್ಲ, ಮೈಗೆ ತಿಳಿಯಿತು. ಗಿರಿಜಾಳ ಬೆನ್ನು ಬಿಗಿಯಿತು, ತುಳಿತ ಭಾರವಾಯಿತು. ಏರು. ಐವತ್ತು ವರ್ಷದ ರೂಢಿ, ಯೋಚಿಸುವ ಮೊದಲೇ ನಾನು ಕೆಳಗೆ ಹಾರಿದ್ದೆ.

ಹಾರಿ ನಿಂತದ್ದು ತನ್ವಿಯ ದಾರಿಯಲ್ಲಿ. ಹಗುರಾದ ಸೈಕಲ್ ಗಿರಿಜಾಳನ್ನು ಹೊತ್ತು ಮುಂದೆ ಹೋಗಿತ್ತು. ಮುಂದೆ ಇರುತ್ತೇನೆ ಎಂದು ಮಾತು ಕೊಟ್ಟವನು ನಾನು ನೆಲದ ಮೇಲೆ ನಿಂತಿದ್ದೆ. ತನ್ವಿಯ ಕಣ್ಣು ಅಗಲವಾದವು. ಅವಳು ಬಿದ್ದದ್ದು ಇಂಥದೇ ಸೇತುವೆಯ ಮೇಲೆ. ಈಗ ನಿಲ್ಲಿಸುತ್ತಾಳೆ, ಎಲ್ಲ ನನ್ನಿಂದ ಕೆಟ್ಟಿತು ಎಂದುಕೊಂಡೆ.

"ಸರಿ ಅಜ್ಜಾ, ಸರೀ, ಸರೀ" ಎಂದಳು.

ಸರಿದೆ. ಅವಳು ಸೀಟಿನಿಂದ ಎದ್ದು ನಿಂತು ತುಳಿಯುತ್ತ ನನ್ನ ಪಕ್ಕದಿಂದಲೇ ಏರು ಹತ್ತಿದಳು. ಹಲಗೆಗಳು ಟಕಟಕ ಎಂದವು. ನೆತ್ತಿಯ ಮೇಲೆ ಗಿರಿಜಾಳನ್ನೂ ಹಿಂದೆ ಹಾಕಿ ಆಚೆ ಬದಿ ಇಳಿದು ಕಾಣದಾದಳು. ನಾನು ಓಡಿದೆ. ಸವಿತಾಳೂ ಇಳಿದು ಓಡಿದಳು. ನೆತ್ತಿಯ ಮೇಲೆ ನಿಂತು ನೋಡಿದರೆ ಕೆಳಗೆ ತನ್ವಿ ಒಂದು ಕಾಲು ಊರಿ ನಿಂತು, ಹಾಳೆ ಬಿಚ್ಚಿ ಮುಂದಿನ ನಂಬರು ಹುಡುಕುತ್ತಿದ್ದಳು.

"ಲಗೂ ಬರ್ರಿ ಎಲ್ಲಾರೂ" ಎಂದು ಕೂಗಿದಳು. "ಎಷ್ಟೊತ್ತು ಕಾಯೂದು?"

ಸವಿತಾ ನನ್ನ ತೋಳಿಗೆ ಹಣೆ ಹಚ್ಚಿ ಸ್ವಲ್ಪ ಅತ್ತಳು. ನಾನೂ ಅತ್ತೆ, ಗಾಳಿಯ ನೆಪ ಇತ್ತು.

ಬುತ್ತಿ

ನೀರಿನ ದಂಡೆಯ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದೆವು. ಗಿರಿಜಾ ಹೊಲದ ಮನೆತನದವಳು. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ, ಭೂಮಿತಾಯಿಗೆ ಮೊದಲ ತುತ್ತು ಕೊಟ್ಟೇ ಉಂಡವಳು. ಗಿಡದ ನಡುವೆ ಊಟಕ್ಕೆ ಕುಳಿತು ಹಾಗೇ ಹೇಗೆ ಉಣ್ಣುವುದು ಎಂದಳು. ಇಲ್ಲಿ ಅನ್ನ ಚೆಲ್ಲುವಂತಿಲ್ಲ ಎಂದು ಸವಿತಾ ಹೆದರಿದಳು. ಕೊನೆಗೆ ಒಂದು ಚಿಟಿಕೆ ಅನ್ನ, ಒಂದು ಚೂರು ರೊಟ್ಟಿಗೆ ಚಟ್ನಿ ಹಚ್ಚಿ ಗಿಡದ ಬುಡಕ್ಕಿಟ್ಟು ಕೈ ಮುಗಿದಳು. ಅಷ್ಟರಲ್ಲೇ ದಾರಿಯಲ್ಲಿ ಹೋಗುತ್ತಿದ್ದ ಒಂದು ಜೋಲುಗಿವಿಯ ನಾಯಿ ಬಂದು ಭೂಮಿತಾಯಿಯ ಪಾಲನ್ನು ಬಳಿದು ತಿಂದಿತು. ನಾಯಿಯ ಒಡತಿ ಕೆಂಪು ಚಟ್ನಿ ನೋಡಿ ಗಾಬರಿಯಾಗಿ ಓಡಿ ಬಂದಳು. ನಾಯಿ ಗಿರಿಜಾಳ ಮುಂದೆ ಬಾಲ ಅಲ್ಲಾಡಿಸುತ್ತ ಇನ್ನಷ್ಟು ಕೇಳುತ್ತಿತ್ತು. ಅಂದೆನಲ್ಲ, ನಮ್ಮ ಮೆಣಸಿನಕಾಯಿ ನೋಡಲಿಕ್ಕಷ್ಟೇ ಹೆದರಿಕೆ.

ಊಟವಾದ ಮೇಲೆ ತನ್ವಿ ನನ್ನ ಫೋನ್ ಕೇಳಿದಳು. ಮೌಲಾಸಾಬಜ್ಜನ ಜೊತೆ ಮಾತಾಡಬೇಕಂತೆ. ನಾನು ಇನ್ನೂ ಅವನಿಗೆ ಏನೂ ತಿಳಿಸಿರಲಿಲ್ಲ. ಹಚ್ಚಿ ಕೊಟ್ಟೆ, ಎಲ್ಲರಿಗೂ ಕೇಳುವಂತೆ ಹುಲ್ಲಿನ ಮೇಲಿಟ್ಟಳು. ಬ್ಯಾಡಗಿಯಲ್ಲಿ ಸಂಜೆಯ ಚಹದ ಹೊತ್ತು. ಅಂಗಡಿಯಲ್ಲಿ ಸುತ್ತಿಗೆಯ ಸದ್ದು ಕೇಳುತ್ತಿತ್ತು.

"ಮೌಲಾಸಾಬಜ್ಜಾ, ನಾ ತನ್ವಿ. ಒಂದು ಮಾತು ಖರೇ ಹೇಳ್ರಿ. ಗಳಗನಾಥಕ್ಕ ಹೋದಾಗ ಸೈಕಲ್ ತುಳದವರು ಯಾರು?"

ಸುತ್ತಿಗೆ ನಿಂತಿತು. ಅವನು ಗಂಟಲು ಸರಿಪಡಿಸಿಕೊಂಡ.

"ನಿಮ್ಮಜ್ಜನ ತುಳದಾನವ್ವಾ, ಮತ್ಯಾರು. ಹೋಗೋಮುಂದೂ ಅವನ, ಬರೋಮುಂದೂ ಅವನ. ಎದುರುಗಾಳಿ ಅಂದ್ರ ಅಂಥಿಂಥಾದ್ದಲ್ಲ. ನಾ ಹಿಂದ ಕುಂತು ಶೇಂಗಾ ತಿನ್ಕೋತ ಬಂದೆ."

ನನ್ನ ಕಣ್ಣು ತುಂಬಿದವು. ತನ್ವಿ ನನ್ನ ಕಡೆ ನೋಡಿದಳು, ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದಳು, ಮತ್ತೆ ಫೋನಿನ ಕಡೆ ಬಗ್ಗಿದಳು.

"ಹೌದಾ? ಅಜ್ಜಗ ಕಾಲು ನೋವಾಗಲಿಲ್ಲೇನು?"

"ಆಗದ ಇರತಾವೇನವ್ವಾ" ಎಂದ ಮೌಲಾಸಾಬ. "ಎರಡು ದಿನ ಅವನ ಮೀನಖಂಡ ಹಿಡಕೊಂಡಿದ್ವು, ಪಾಪ."

ಆ ಮೀನಖಂಡ ಯಾರದೆಂದು ಬಲ್ಲ ನಾವು ಐದೂ ಜನ ತುಟಿ ಬಿಗಿಹಿಡಿದು ಹುಲ್ಲಿನ ಮೇಲೆ ಕುಳಿತಿದ್ದೆವು.